ಕೊಂಡಪ್ಪನ ಮೀಸೆ, ಮೇಸ್ತ್ರಿಯ ಟವಲು

ಕ್ಯಾಸಂಬಳ್ಳಿಯ ದೊಡ್ಡಮುನಿಯಮ್ಮನ ಗಂಟಲನ್ನು ಊರಿಗಾಂನಲ್ಲಿ ಅರಿಯದವರಿರಲಿಲ್ಲ. ಬೆಳಗಿನ ಮೊದಲ ಬಸ್ಸಿಳಿದು, ಹಾಲಿನ ಕ್ಯಾನನ್ನು ತಲೆಯ ಮೇಲೆ ಹೊತ್ತು ಬಂದು, ಚಿನ್ನದ ಗಣಿ ಕೆಲಸಗಾರರ ಲೈನುಮನೆಗಳ ತುದಿಯಲ್ಲಿದ್ದ ಹೊರೆಗಲ್ಲಿನ ಮೇಲೆ ಇಳಿಸಿ, “ಆಲಮ್ಮೋ, ಆಲು!” ಎಂದು ಒಂದು ಸಲ ಕೂಗಿದರೆ ಸಾಕು, ಕೊನೇ ಮನೆಯ ಚೊಂಬೂ ಬಾಗಿಲಿಗೆ ಬರುತ್ತಿತ್ತು. ತಮಿಳರ ಮನೆಯಲ್ಲಿ ತಮಿಳು, ತೆಲುಗರ ಮನೆಯಲ್ಲಿ ತೆಲುಗು, ಜಗಳಕ್ಕೆ ಮಾತ್ರ ಕನ್ನಡ. ಹಾಲಿಗೆ ನೀರು ಬೆರೆಸುತ್ತೀಯ ಎಂದ ಹೋಟೆಲಿನವನ ಬಾಗಿಲಿಗೆ ಮಾರನೇ ದಿನ ಎಮ್ಮೆಯನ್ನೇ ಹೊಡೆದುಕೊಂಡು ಹೋಗಿ, ಗಿರಾಕಿಗಳ ಮುಂದೆ ಹಾಲು ಕರೆದು ತೋರಿಸಿದ ಹೆಂಗಸು ಅವಳು.

ಇಂಥ ಗಟ್ಟಿಗಿತ್ತಿಗೂ ಒಂದು ಕೊರಗಿತ್ತು. ಅವಳು ಅಪ್ಪನ ಮುಖ ಕಂಡವಳಲ್ಲ. 1937ರಲ್ಲಿ ಅವಳಿನ್ನೂ ಹೊಟ್ಟೆಯಲ್ಲಿದ್ದಾಗಲೇ ಅಪ್ಪ ಕೊಂಡಪ್ಪ ಗಣಿಯೊಳಗೆ ಬಂಡೆ ಕುಸಿದು ಸತ್ತಿದ್ದ. ಮನೆಯಲ್ಲಿ ಒಂದು ಪಟವೂ ಇರಲಿಲ್ಲ. ತಾಯಿ ಮಂಗಮ್ಮ ಮಗಳಿಗೆ ಬಿಟ್ಟುಹೋದದ್ದು ಒಂದು ಮೀಸೆಯ ವರ್ಣನೆ ಮಾತ್ರ.

“ನಿಮ್ಮಪ್ಪನ ಮೀಸೆ ಮೇಲೆ ನಿಂಬೆಅಣ್ಣು ನಿಲ್ತಿತ್ತು ಕಣೇ. ಎಡಗಡೆ ತುದಿ ಒಂದ್ಸಲ ದೀಪಕ್ಕೆ ಸುಟ್ಟೋಗಿ ಮೋಟಾಗಿತ್ತು. ಆ ಸಿಟ್ಟಿಗೆ ಬಲಗಡೇದನ್ನ ಇನ್ನೂ ಮೇಲಕ್ಕೆ ತಿರುವ್ತಿದ್ದ!”

ಮುಖ ಗೊತ್ತಿಲ್ಲದವಳು ಆ ಮೀಸೆಯನ್ನೇ ಅಪ್ಪ ಎಂದುಕೊಂಡು ಬೆಳೆದಳು. ನಲವತ್ತೇಳು ವರ್ಷವಾಗಿ ಮೊಮ್ಮಕ್ಕಳು ಬಂದರೂ ಕೊರಗು ಹೋಗಲಿಲ್ಲ.

1984ರಲ್ಲಿ, ಗಣಿ ಕಂಪನಿಯವರು ಯಾವುದೋ ಉಗ್ರಾಣದ ಪೆಟ್ಟಿಗೆಯಲ್ಲಿ ಸಿಕ್ಕ ಹಳೇ ಫೋಟೋಗಳನ್ನೆಲ್ಲ ದೊಡ್ಡದು ಮಾಡಿಸಿ ಊರಿಗಾಂನ ಸಭಾಂಗಣದಲ್ಲಿ ತೂಗುಹಾಕಿದರು. ಪ್ರದರ್ಶನಕ್ಕೆ ಇಂಗ್ಲಿಷಿನಲ್ಲಿ ಏನೋ ಉದ್ದದ ಹೆಸರಿಟ್ಟಿದ್ದರು. ಜನ ಎರಡೇ ದಿನದಲ್ಲಿ ಅದನ್ನು ‘ಮೀಸೆ ಎಕ್ಸಿಬಿಷನ್’ ಮಾಡಿಬಿಟ್ಟರು. ತಪ್ಪೇನು? ಗೋಡೆ ತುಂಬ ಅದೇ ಇತ್ತು! ಬಾಯಿ ಎಲ್ಲಿದೆ ಎಂದೇ ತಿಳಿಯದಂತೆ ಮೀಸೆ ಇಳಿಬಿಟ್ಟ ಬಿಳಿ ದೊರೆ, ಕೋಟಿನ ಮೂರನೇ ಗುಂಡಿಯವರೆಗೆ ಗಡ್ಡ ಬಿಟ್ಟ ಡಾಕ್ಟರು, ಗಡ್ಡವನ್ನು ಎರಡು ಪಾಲು ಮಾಡಿ ಕಿವಿಗೆ ಸಿಕ್ಕಿಸಿದ ಕಾವಲುಗಾರ. ಹೆಂಗಸರು ಒಂದೊಂದರ ಮುಂದೆ ನಿಂತು ಸೆರಗು ಬಾಯಿಗೆ ಹಿಡಿದು ನಕ್ಕರು.

ದೊಡ್ಡಮುನಿಯಮ್ಮನೂ ಹಾಲು ಮಾರಿ ಮುಗಿಸಿ ಹೋದಳು. ನಗುತ್ತಾ ಹೋದವಳು ಒಂದು ಫೋಟೋದ ಮುಂದೆ ನಿಂತುಬಿಟ್ಟಳು. ಗಣಿಗಿಳಿಯುವ ಶಾಫ್ಟಿನ ಬಾಯಲ್ಲಿ ಇಪ್ಪತ್ತು ಜನ ಗಣಿಯಾಳುಗಳು. ನಟ್ಟನಡುವೆ ಒಬ್ಬ, ಎದೆಯುಬ್ಬಿಸಿ ನಿಂತವನು. ಬಲಮೀಸೆ ಕಣ್ಣಿಗೆ ಚುಚ್ಚುವ ಹಾಗೆ ಮೇಲೆ. ಎಡಮೀಸೆ ಮೋಟು.

ಹತ್ತಿರ ಹೋಗಿ ಆ ಮೋಟು ತುದಿಯ ಮೇಲೆ ಬೆರಳಿಟ್ಟಳು.

ಕೆಳಗೆ ಚೀಟಿ ಅಂಟಿಸಿತ್ತು. ಅವಳಿಗೆ ಓದು ಬಾರದು. ಪ್ರದರ್ಶನದ ಉಸ್ತುವಾರಿಯ ಗುಮಾಸ್ತ ಜಯರಾಮಪ್ಪ ಓದಿ ಹೇಳಿದ: “ಮೇಸ್ತ್ರಿ ಮುನಿನಾರಾಯಣಪ್ಪ.”

“ಯಾವನ್ ಸಾಮಿ ಏಳಿದ್ದು? ನಮ್ಮಪ್ಪ ಅದು!”

ಹೇಳಿದ್ದು ಕೋದಂಡಪ್ಪ. ಮೇಸ್ತ್ರಿಯ ಮೊಮ್ಮಗ, ದಿನಸಿ ಅಂಗಡಿಯವನು, ದಿನಾ ಎರಡು ಸೇರು ಹಾಲಿನ ಗಿರಾಕಿ. ತಾತ ದೊಡ್ಡ ಮೀಸೆಯವನೆಂದು ಅವನ ಮನೆಯಲ್ಲಿ ಮೂರು ತಲೆಮಾರಿನಿಂದ ಕೊಚ್ಚಿಕೊಳ್ಳುತ್ತಿದ್ದರು. ನಡುವೆ ನಿಂತ ದೊಡ್ಡ ಮೀಸೆ ಕಂಡದ್ದೇ ತಾತ ಎಂದು ಬರೆಸಿಬಿಟ್ಟಿದ್ದ. ಮಾರನೇ ದಿನ ಆ ಹೆಸರನ್ನು ಹಿತ್ತಾಳೆಯಲ್ಲಿ ಕೆತ್ತಿಸಿ ಶಾಶ್ವತವಾಗಿ ಹಾಕುವವರಿದ್ದರು.

ಗುಮಾಸ್ತ ಹೇಳಿ ಕಳಿಸಿದ್ದಕ್ಕೆ ಕೋದಂಡಪ್ಪ ಬಂದ, ಮೀಸೆ ತಿರುವುತ್ತಲೇ ಬಂದ. “ನೋಡಮ್ಮ ಮುನಿಯಮ್ಮ, ಮೇಸ್ತ್ರಿಯಲ್ದೆ ಕೂಲಿಯೋನು ಮಧ್ಯದಲ್ಲಿ ನಿಂತ್ಕತಾನಾ? ನಿಮ್ಮಪ್ಪನ್ನ ನೀನೇ ನೋಡಿಲ್ಲ.”

ಆ ಮಾತು ಅವಳ ಎದೆಗೆ ನಾಟಿತು. ಮೋಟು ಮೀಸೆಯ ಕತೆ ಹೇಳಿದಳು. ಜಯರಾಮಪ್ಪನಿಗೆ ಅಯ್ಯೋ ಅನ್ನಿಸಿತು, ಆದರೆ ತಲೆಯಾಡಿಸಿದ. “ಅಮ್ಮ ಹೇಳಿದ್ದು ದಾಖಲೆ ಆಗಲ್ಲಮ್ಮ.”

ಅಲ್ಲಿಗೆ ಬೇರೆ ಯಾರಾದರೂ ಕಣ್ಣೊರೆಸಿಕೊಂಡು ಬಸ್ಸು ಹತ್ತುತ್ತಿದ್ದರು. ದೊಡ್ಡಮುನಿಯಮ್ಮ ಫೋಟೋಕ್ಕೇ ಮೂಗು ತಗುಲಿಸಿ ಇಪ್ಪತ್ತು ಮುಖಗಳನ್ನೂ ಒಂದೊಂದಾಗಿ ನೋಡಿದಳು. ಅಂಚಿನಲ್ಲಿ ರುಮಾಲು ಸುತ್ತಿದ ಒಬ್ಬ, ಟವಲನ್ನು ಬಾಯಿಗೆ ಒತ್ತಿ ಹಿಡಿದು, ಅರ್ಧ ಪಕ್ಕಕ್ಕೆ ತಿರುಗಿ ನಿಂತಿದ್ದ. ನೋಡಿದವರೆಲ್ಲ ಅವನಿಗೆ ಹಲ್ಲುನೋವು ಎಂದುಕೊಂಡಿದ್ದರು.

ಅವಳು ಹಾಗೆ ಅಂದುಕೊಳ್ಳಲಿಲ್ಲ. ಇಪ್ಪತ್ತೈದು ವರ್ಷದಿಂದ ಸುತ್ತಲಿನ ಸಾವಿನ ಮನೆಗಳಿಗೆ ಮೂರನೇ ದಿನದ ಹಾಲು-ತುಪ್ಪಕ್ಕೆ, ಹನ್ನೊಂದನೇ ದಿನದ ಕಾರ್ಯಕ್ಕೆ ಹಾಲು ಹಾಕಿದವಳು ಅವಳೇ. ಅಪ್ಪ ಸತ್ತು ಮೀಸೆ ಬೋಳಿಸಿಕೊಂಡ ಗಂಡಸರನ್ನು ಅವಳಷ್ಟು ಕಂಡವರು ಯಾರು? ಹತ್ತು ಜನರ ಮುಂದೆ ಬಂದರೆ ಅವರ ಕೈ ತಾನಾಗಿ ಮೇಲ್ದುಟಿಗೆ ಹೋಗುತ್ತದೆ. ದೊಡ್ಡ ಮೀಸೆಯವನಾಗಿದ್ದರಂತೂ ಟವಲೇ ಬೇಕು.

“ಜಯರಾಮಪ್ಪಣ್ಣ, ಈ ಪಟದ ಇಂದೆ ತಾರೀಕು ಐತಾ?”

ಅವನು ಫ್ರೇಮು ತಿರುಗಿಸಿದ. “1937, ಮಾರ್ಚ್ ಹನ್ನೆರಡು.”

“ಬನ್ರಿ ನನ್ನಿಂದೆ.”

ಮುಂದೆ ಅವಳು, ಹಿಂದೆ ಗುಮಾಸ್ತ, ಅವನ ಹಿಂದೆ ಕೋದಂಡಪ್ಪ, ಅವರ ಹಿಂದೆ ಎಕ್ಸಿಬಿಷನ್ನಿಗೆ ಬಂದ ಅಷ್ಟೂ ಜನ. ದಿನಾ ಕ್ಯಾನು ಇಳಿಸುವ ಹೊರೆಗಲ್ಲಿನ ಮುಂದೆ ನಿಂತಳು. ಅದನ್ನು ನಿಲ್ಲಿಸಿದವನು ಮೇಸ್ತ್ರಿ ಮುನಿನಾರಾಯಣಪ್ಪನೇ, ತನ್ನ ತಂದೆಯ ನೆನಪಿಗೆ. ಪ್ರತಿ ಯುಗಾದಿಗೂ ಕೋದಂಡಪ್ಪ ಕಲ್ಲಿನಲ್ಲಿ ಕೆತ್ತಿದ್ದ ಅಕ್ಷರಗಳಿಗೆ ಬಣ್ಣ ತುಂಬಿ, ಹಾಲಿಳಿಸುವ ಇವಳಿಗೆ ಜೋರಾಗಿ ಓದಿ ಹೇಳುತ್ತಿದ್ದ.

“ಕೋದಂಡಪ್ಪಣ್ಣ, ವರ್ಸಾವರ್ಸ ಓದ್ತೀಯಲ್ಲ. ಇವತ್ತೂ ಓದು.”

ಕೋದಂಡಪ್ಪ ಓದಿದ. “...1937ನೇ ಮಾರ್ಚ್ ಒಂದನೇ ತಾರೀಕು ಕೈಲಾಸವಾಸಿಗಳಾದರು.” ಕೊನೆಗೆ ಬರುವಷ್ಟರಲ್ಲಿ ದನಿ ಇಳಿದಿತ್ತು.

“ಅನ್ನೊಂದನೇ ದಿನ ಯಾವತ್ತು ಬತ್ತದೆ? ಮಾರ್ಚಿ ಅನ್ನೊಂದು. ಅವತ್ತು ನಿಮ್ಮ ತಾತ ಅಪ್ಪನ ಕಾರ್ಯ ಮಾಡಿ ಮೀಸೆ ಬೋಳಿಸ್ಕಂಡ. ಮಾರನೇ ದಿನ ಪಟ ತೆಗೆದವ್ರೆ. ಒಂದ್ರಾತ್ರೀಲಿ ಅಷ್ಟುದ್ದ ಮೀಸೆ ಬಂತೇನಣ್ಣ? ರಾಗಿ ಪೈರೂ ಅಂಗೆ ಬರಾಕಿಲ್ಲ!”

ಜನ ಹೋ ಎಂದು ನಕ್ಕರು. ಕೋದಂಡಪ್ಪನ ಕೈ ಇನ್ನೂ ಮೀಸೆಯ ಮೇಲೇ ಇತ್ತು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವುದು ಇದಕ್ಕೇ. “ಹಂಗಾದ್ರೆ ನಮ್ಮ ತಾತ ಎಲ್ಲಿ?” ಎಂದ.

“ಬಾ, ತೋರಿಸ್ತೀನಿ.”

ಸಭಾಂಗಣಕ್ಕೆ ಕರೆದೊಯ್ದು ಅಂಚಿನ ಮನುಷ್ಯನ ಮೇಲೆ ಬೆರಳಿಟ್ಟಳು. ಕೋದಂಡಪ್ಪ ಬಗ್ಗಿ ನೋಡಿದ. ಆ ಕಿವಿಯಲ್ಲಿದ್ದ ಮೂರು ಹರಳಿನ ಕಡಕು ಈಗ ಅವನದೇ ಕಿವಿಯಲ್ಲಿತ್ತು. ಮುಟ್ಟಿ ನೋಡಿಕೊಂಡ.

“ಮೀಸೆ ಓದ್ರೆ ಓಯ್ತು, ಅಪ್ಪನ ಕಾರ್ಯ ನೆಟ್ಟಗೆ ಮಾಡಿದ ಮಗ ಕಣಣ್ಣ. ಅದ್ಕಿಂತ ಬೇಕಾ?” ಎಂದಳು ದೊಡ್ಡಮುನಿಯಮ್ಮ. ಅವನು ಚೀಟಿಯನ್ನು ತಾನೇ ಕಿತ್ತು ಅಂಚಿಗೆ ಅಂಟಿಸಿದ.

ಮಾರನೇ ದಿನ ಮೊದಲ ಬಸ್ಸಿಗೆ ಕ್ಯಾಸಂಬಳ್ಳಿಯ ಅರ್ಧ ಊರೇ ಹತ್ತಿತು. ಗಂಡ, ಮಕ್ಕಳು, ಸೊಸೆಯರು, ಅವಳನ್ನು ಅಪ್ಪನ ಮುಖ ಕಾಣದವಳೆಂದು ಆಡಿಕೊಂಡಿದ್ದ ಓರಗಿತ್ತಿ ಸರಸ್ವತಮ್ಮ, ಎಲ್ಲರೂ ಬಂದರು. ಹಿತ್ತಾಳೆಯ ಪಟ್ಟಿಯಲ್ಲಿ ಕೊಂಡಪ್ಪ, ಮುನಿನಾರಾಯಣಪ್ಪ ಎಂಬ ಎರಡು ಹೆಸರು ಹೊಳೆಯುತ್ತಿದ್ದವು. ಹೂವಿನ ಹಾರವನ್ನು ಕೋದಂಡಪ್ಪನೇ ತಂದು ಅವಳ ಕೈಗಿತ್ತ.

“ಏನಾದ್ರೂ ಮಾತಾಡಮ್ಮ,” ಎಂದ ಜಯರಾಮಪ್ಪ.

ನಲವತ್ತೇಳು ವರ್ಷ ಮೂರು ಭಾಷೆಯಲ್ಲಿ ಮಾತಾಡಿದ್ದ ಬಾಯಿ ಅದು. ಆದರೆ ಒಂದು ಪದವನ್ನು ಯಾರನ್ನೂ ನೋಡಿ ಕೂಗಿರಲಿಲ್ಲ. ದೊಡ್ಡಮುನಿಯಮ್ಮ ಆ ಮೋಟು ಮೀಸೆಯ ಎದುರು ನೆಟ್ಟಗೆ ನಿಂತು, ಲೈನಿನ ಕೊನೇ ಮನೆಗೂ ಕೇಳುವ ತನ್ನ ಗಂಟಲಿನಲ್ಲಿ ಕೂಗಿದಳು:

“ಅಪ್ಪಾ!”