ನಮ್ಮನ್ನ ಕೇಳ್ರಿ

ಆ ಸಂಜೆ ಚಳಿ ಇತ್ತೆಂದು ಬರೆದಿಟ್ಟುಕೊಂಡಿದ್ದೇನೆ. ಬಾಗಲಕೋಟೆಯಲ್ಲಿ ಅಂಥ ಚಳಿ ಎಲ್ಲಿಯದು? ಸ್ವೆಟರ್ ಅಂಗಡಿಯ ನೆನಪೇ ಚಳಿಯನ್ನು ಸೇರಿಸಿರಬೇಕು.

ಅಂಗಡಿ ಟಿಬೆಟಿನ ಅಕ್ಕನದು. ಮುಂಡಗೋಡದ ನಿರಾಶ್ರಿತರ ಕ್ಯಾಂಪಿನಲ್ಲೇ ಹುಟ್ಟಿದವರು. ದೀಪಾವಳಿ ಮುಗಿದ ಮೇಲೆ ಪ್ರತಿ ವರ್ಷ ನವನಗರದ ರಸ್ತೆ ಬದಿಗೆ ಬಂದು ಕೂರುತ್ತಿದ್ದರು. ಆ ವರ್ಷ ಅವರಿಗೊಂದು ಕರೆ ಬಂದಿತ್ತು. ನಿರಾಶ್ರಿತರ ಬಗ್ಗೆ ಹಲವು ದೇಶಗಳು ಸೇರಿ ಮಾಡುವ ನೀತಿಯ ಕರಡಿಗೆ ನಿರಾಶ್ರಿತರೇ ಸಾಲು ಸೂಚಿಸಬಹುದು. ಸಭೆ ಫೋನಿನಲ್ಲೇ, ಒಬ್ಬೊಬ್ಬರಿಗೆ ಎರಡು ನಿಮಿಷ. ಕ್ಯಾಂಪಿನವರು ಇವರನ್ನು ಆರಿಸಿದ್ದರು. ಸಭೆ ಮರುದಿನ. ಅವರ ಸಾಲನ್ನು ಇಂಗ್ಲಿಷ್ ಮಾಡಿಕೊಡುವ ಕೆಲಸ, ಕಾಲೇಜಿನಲ್ಲಿ ಪಾಠ ಹೇಳುವ ನನ್ನದು.

ನನಗೆ ನಂಬಿಕೆ ಇರಲಿಲ್ಲ. ‘ಕರದು ಫೋಟೋ ತೆಗೀತಾರ, ಅಷ್ಟ ಅಕ್ಕಾರ,’ ಎಂದೆ.

‘ತೆಗೀಲಿ ಬಿಡ್ರಿ ಸರ, ಹೊಸಾ ಸ್ವೆಟರ್ ಹಾಕ್ಕೊಂಡಿರ್ತೇನಿ. ಬರ್ಕೋರಿ: ಏನ ಮಾಡೂದಿದ್ರೂ ನಮ್ಮನ್ನ ಕೇಳ್ರಿ.’

ಇಂಗ್ಲಿಷಿನಲ್ಲಿ ಬರೆದೆ. ಗಿರಾಕಿಗೆ ಸ್ವೆಟರಿನ ಒಳಮೈ ಹೊರಳಿಸಿ ಹೆಣಿಗೆ ತೋರಿಸುವುದು ಅವರ ರೂಢಿ. ‘ಈಗ ಇದನ್ನ ಹೊಳ್ಳಿಸಿ ಕನ್ನಡದಾಗ ಓದ್ರಿ,’ ಎಂದರು.

‘ನಮ್ಮ ಮಾತು ಕೇಳ್ರಿ.’

‘ತಪ್ಪು ಬರದೀರಿ. ಮಾತು ಭಾಳ ಮಂದಿ ಕೇಳ್ಯಾರ, ಗೋಣು ಹಾಕಿ ಹೋಗ್ಯಾರ. ನಾ ಅಂದಿದ್ದು, ಮೊದಲ ನಮ್ಮನ್ನ ಕೇಳಿ ಆಮ್ಯಾಲೆ ನಿಯಮ ಮಾಡ್ರಿ ಅಂತ. ನಿಮ್ಮ ಹಳೇ ಊರು ಡ್ಯಾಮಿನ ಹಿನ್ನೀರಿನಾಗ ಮುಳುಗೂಮುಂದ ನಿಮ್ಮನ್ನ ಕೇಳಿದ್ರೇನು?’

‘ಕೇಳಿದ್ರು. ಯಾವಾಗ ಖಾಲಿ ಮಾಡ್ತೀರಿ ಅಂತ.’

ಇಬ್ಬರೂ ನಕ್ಕೆವು. ನನ್ನ ನಗೆ ಬೇಗ ನಿಂತಿತು. ಮುಳುಗಿದ ನಮ್ಮ ಮನೆಯ ಬಾಗಿಲು ಯಾವ ದಿಕ್ಕಿಗಿತ್ತೆಂಬುದೂ ನನಗೀಗ ಖಾತ್ರಿಯಿಲ್ಲ. ವಿಶ್ವವಿದ್ಯಾಲಯದಲ್ಲಿ ಪುನರ್ವಸತಿಯ ಬಗ್ಗೆ ಓದಿದವನಿಗೆ ‘ಕೇಳು’ ಎಂಬ ಒಂದು ಪದದ ಎರಡು ಅರ್ಥ ಹೊಳೆದಿರಲಿಲ್ಲ. ‘ಲಿಸನ್’ ಹೊಡೆದು ಹಾಕಿ ‘ಆಸ್ಕ್’ ಬರೆದೆ.

ಮರುದಿನ ಅಕ್ಕ ಮಂಕಿಟೋಪಿಗಳ ನಡುವೆ ಫೋನ್ ನಿಲ್ಲಿಸಿಕೊಂಡು ಮಾತಾಡಿದರು. ನಾನು ಪಕ್ಕದ ಸ್ಟೂಲಿನ ಮೇಲೆ ಕೂತಿದ್ದೆ. ಪರದೆಯಲ್ಲಿ ಯಾವ ಯಾವುದೋ ದೇಶದ ಅಧಿಕಾರಿಗಳು. ಕರಡಿನಲ್ಲಿ ಈಗಾಗಲೇ ‘ಲಿಸನ್’ ಇದೆ, ಸಾಲದೇ ಎಂದರು ಒಬ್ಬರು. ಅಕ್ಕ ನನ್ನ ಕಡೆ ನೋಡಲಿಲ್ಲ.

‘ನೋ ಸರ್. ಆಸ್ಕ್. ಫಸ್ಟ್.’

ಒಬ್ಬರು ಕರಡನ್ನು ಪರದೆಗೆ ತಂದರು. ಆಮೇಲೆ ಪರದೆಯ ಮೇಲೆ ಹಳೆಯ ಪದ ಅಕ್ಷರ ಅಕ್ಷರವಾಗಿ ಅಳಿಯಿತು. ಅಕ್ಕನ ಪದ ಆ ಜಾಗದಲ್ಲಿ ಮೂಡಿತು.

ಹೀಗೇ ನಡೆಯಿತೇ? ನನ್ನ ನೆನಪನ್ನು ನಂಬದೆ ಮುಂದಿನ ಚಳಿಗಾಲ ಅವರನ್ನೇ ಕೇಳಿದೆ.

‘ಎಲ್ಲಾ ಖರೆ ಸರ. ಆದ್ರ ಆ ಪದ ಬಂದಾಗ ನೀವು ಕುಂತಿರಲಿಲ್ಲ. ಎದ್ದು ನಿಂತಿದ್ರಿ.’