ಶಾರದಾ ಮೇಡಂ ನಕ್ಕರೆ ಕೆರೆಯಲ್ಲಿ ಗುಳ್ಳೆ

ಶಾರದಾ ಮೇಡಂ ನಗು ಬಾಯಿಂದ ಶುರುವಾಗುತ್ತಿರಲಿಲ್ಲ. ಮೊದಲು ಹೊಟ್ಟೆ ಕುಲುಕುತ್ತಿತ್ತು, ಆಮೇಲೆ ಭುಜ, ಆಮೇಲೆ ಕನ್ನಡಕ ಮೂಗಿನ ತುದಿಗೆ ಜಾರುತ್ತಿತ್ತು, ಕೂತ ಕುರ್ಚಿ ಕಿರುಗುಟ್ಟುತ್ತಿತ್ತು. ಸದ್ದು ಬರುವುದು ಕಟ್ಟಕಡೆಗೆ. ಅಷ್ಟರಲ್ಲಿ ಎದುರಿಗಿದ್ದವರು ಕಾರಣ ಗೊತ್ತಿಲ್ಲದೆಯೇ ನಕ್ಕು ಮುಗಿಸಿರುತ್ತಿದ್ದರು.

ಅವರು ಶಿಕಾರಿಪುರದವರು, ನನ್ನ ಪಿಎಚ್.ಡಿ. ಗೈಡು. ಸೊರಬದ ಕಡೆಯ ಒಂದು ಕೆರೆಯ ಕೆಸರಿನಲ್ಲಿ ಮೀಥೇನ್ ಅನಿಲವನ್ನು ಯಾವ ಸೂಕ್ಷ್ಮಜೀವಿ ಮಾಡುತ್ತದೆ, ಯಾವುದು ತಿನ್ನುತ್ತದೆ ಎಂದು ಹುಡುಕುವುದು ನಮ್ಮ ಕೆಲಸ. ಮೊದಲ ದಿನವೇ ಅವರು ಕೆರೆಯ ಗುಳ್ಳೆಗಳನ್ನು ಆಲಿಕೆಯಲ್ಲಿ ಹಿಡಿದು ಬೆಂಕಿಕಡ್ಡಿ ಗೀರಿದರು. ಭುಗ್ಗೆಂದು ನೀಲಿ ಜ್ವಾಲೆ! ಅವರ ಒಂದು ಹುಬ್ಬು ಅರ್ಧ ಸುಟ್ಟುಹೋಯಿತು. “ಹೋಗ್ಲಿ ಬಿಡೆ, ಇನ್ನೊಂದು ಐತಲ್ಲ” ಎಂದು ಕುಲುಕತೊಡಗಿದರು.

ಇಂಗಾಲದಲ್ಲಿ ಹಗುರದ್ದು, ತೂಕದ್ದು ಎಂದು ಎರಡು ಬಗೆ ಇರುತ್ತದೆ. ಮೀಥೇನ್ ತಿನ್ನುವ ಜೀವಿಗಳು ಹೆಚ್ಚಾಗಿ ಹಗುರದ್ದನ್ನೇ ಮೊದಲು ಮುಕ್ಕುತ್ತವೆ. ಅದನ್ನು ಮೇಡಂ ವಿವರಿಸಿದ ರೀತಿಯೇ ಬೇರೆ. “ಮದುವೆ ಊಟದಾಗೆ ಹುಡುಗ್ರನ್ನ ನೋಡೀಯೇನೆ? ಹಪ್ಪಳ ಮೊದ್ಲು ಖಾಲಿ, ಪಲ್ಯ ಎಲೆ ಮ್ಯಾಲೆ ಹಂಗೇ. ಎಲೆ ನೋಡಿದ್ರೆ ಸಾಕು, ಯಾರು ಉಂಡ್ರು ಅಂತ ಕೇಳೋದೇ ಬ್ಯಾಡ.” ಮೇಲೆ ಬಂದ ಅನಿಲದಲ್ಲಿ ತೂಕದ ಇಂಗಾಲ ಹೆಚ್ಚಿದ್ದರೆ, ದಾರಿಯಲ್ಲಿ ಯಾರೋ ಉಂಡಿದ್ದಾರೆ ಎಂದರ್ಥ.

ಆದರೆ ನಮ್ಮ ಫಲಿತಾಂಶ ಬಂದಾಗ ಯಾರೂ ಉಂಡಿರಲಿಲ್ಲ. ಹಪ್ಪಳವೆಲ್ಲ ಹಾಗೇ ಇತ್ತು! ನನ್ನ ಪಿಎಚ್.ಡಿ. ನೀರಲ್ಲಿ ಹೋಮವಾಯಿತೆಂದು ನಾನು ಅತ್ತೆ. ಆ ಬೇಸಿಗೆಗೆ ಮೇಡಂ ನಿವೃತ್ತಿ ಬೇರೆ.

ಶಿಕಾರಿಪುರದ ಹೋಟೆಲೊಂದರಲ್ಲಿ ಮಿರ್ಚಿ ತಿನ್ನುತ್ತಾ ನನ್ನ ಮೊಬೈಲಿನಲ್ಲಿದ್ದ ಕೆರೆಯ ವಿಡಿಯೋ ನೋಡುತ್ತಿದ್ದೆವು. ಮೇಡಂ ನೀರಿನ ಮೇಲಿನ ಹಲಗೆಯಲ್ಲಿ ಕೂತಿದ್ದಾರೆ. ದಡದಿಂದ ಪಕ್ಕದ ಗದ್ದೆಯ ಹಾಲಪ್ಪ ತನ್ನ ಎಮ್ಮೆಯ ಕಥೆ ಹೇಳುತ್ತಿದ್ದಾನೆ: ಅದು ಅವನ ಅಳಿಯನನ್ನು ಕೆಸರಲ್ಲಿ ಹೂತು ತಾನು ಮಾತ್ರ ಮನೆಗೆ ಹೋಗಿತ್ತಂತೆ. ಮೇಡಂ ಕುಲುಕುತ್ತಾರೆ, ಹಲಗೆ ಕುಲುಕುತ್ತದೆ, ಅದರ ಕಾಲು ಕೆಸರನ್ನು ಒತ್ತುತ್ತದೆ. ಗುಳುಗುಳು ಗುಳ್ಳೆ ಎದ್ದು ನೇರ, ಅನಿಲ ಹಿಡಿಯಲು ನೀರಿನ ಮೇಲೆ ಬೋರಲು ಹಾಕಿದ್ದ ನಮ್ಮ ಡಬ್ಬಿಯೊಳಗೆ!

ಮೇಡಂ ಕೈಯಲ್ಲಿದ್ದ ಮಿರ್ಚಿ ಅಲ್ಲೇ ನಿಂತಿತು. “ಅಯ್ಯೋ ನನ್ ಕರ್ಮವೇ! ಪಂಕ್ತೀಲಿ ಕೂತೋರಿಗೆ ಬಡಿಸೋಕೂ ಬಿಡ್ದೆ ಪಾತ್ರೆನೇ ಹೊರಗೆ ಸಾಗಿಸಿದ್ನಲ್ಲೇ ನಾನು!” ಗುಳ್ಳೆಯಾಗಿ ಓಡಿದ ಮೀಥೇನನ್ನು ತಿನ್ನಲು ಆ ಜೀವಿಗಳಿಗೆ ಪುರುಸೊತ್ತೇ ಸಿಕ್ಕಿರಲಿಲ್ಲ. ನಾವು ನಕ್ಕ ನಗುವಿಗೆ ಹೋಟೆಲಿನವರು ಗಾಬರಿಯಾಗಿ ನೀರು ತಂದಿಟ್ಟರು.

ಮುಂದಿನ ವಾರ ಮೇಡಮ್ಮಿಗೆ ಹಲಗೆಯಿಂದ ಕೆರೆ ಏರಿಯ ಮೇಲಕ್ಕೆ ಗಡೀಪಾರು. ಬಾಯಿಗೆ ಸೆರಗು ತುರುಕಿಕೊಂಡು ಕೂತರು. ಹಾಲಪ್ಪನಿಗೆ ಮಾತಾಡಕೂಡದೆಂದು ಕಟ್ಟಪ್ಪಣೆ. ಒಬ್ಬರ ಮುಖ ಒಬ್ಬರು ನೋಡಿ ಇಬ್ಬರೂ ಸದ್ದಿಲ್ಲದೆ ಕುಲುಕುತ್ತಿದ್ದರು. ನಾನು ಉಸಿರು ಬಿಗಿಹಿಡಿದು ಸಿರಿಂಜಿನಲ್ಲಿ ಅನಿಲ ಎಳೆದೆ.

ಫಲಿತಾಂಶ ಮೊದಲು ಅವರಿಗೆ ಬಂತು. ಫೋನಿನಲ್ಲಿ ಕಿರುಚಿದರು: “ಉಂಡಾವೆ ಕಣೇ! ಹಪ್ಪಳದ ಚೂರೂ ಬಿಟ್ಟಿಲ್ಲ!” ಅವರು ಅಳುತ್ತಿದ್ದರೋ ನಗುತ್ತಿದ್ದರೋ ತಿಳಿಯಲಿಲ್ಲ, ನಾನಂತೂ ಎರಡನ್ನೂ ಮಾಡಿದೆ.

ಹೋದ ವರ್ಷ ಮೇಡಂ ತೀರಿಕೊಂಡರು. ಮೊನ್ನೆ ಅದೇ ಕೆರೆಗೆ ಹೋಗಿ ಅದೇ ಹಲಗೆಯ ಮೇಲೆ ಕೂತೆ. ಒಂದು ಗುಳ್ಳೆಯೂ ಏಳಲಿಲ್ಲ. ಅಷ್ಟು ಒಳ್ಳೆಯ ಮಾದರಿ ಹಿಂದೆಂದೂ ಸಿಕ್ಕಿರಲಿಲ್ಲ, ಅಷ್ಟು ಬೇಜಾರೂ ಹಿಂದೆಂದೂ ಆಗಿರಲಿಲ್ಲ.

“ಮೇಡಮ್ಮೋರು ಬರ್ಲಿಲ್ಲೇನ್ರಿ?” ದಡದಿಂದ ಹಾಲಪ್ಪ ಕೇಳಿದ. ಹೇಳಿದೆ. ಅವನು ಟವೆಲಿನಿಂದ ಮುಖ ಒರೆಸಿಕೊಂಡ. ಆಮೇಲೆ ಗಂಟಲು ಸರಿಮಾಡಿಕೊಂಡು, “ಅಲ್ರೀ, ನಮ್ ಎಮ್ಮೆ ಏನ್ಮಾಡ್ತು ಅಂದ್ರೆ...” ಎಂದು ಮೊದಲಿನಿಂದ ಶುರುಮಾಡಿದ.

ತಡೆದುಕೊಂಡೆ. ಅಳಿಯ ಹೂತುಹೋಗುವ ಹೊತ್ತಿಗೆ ಆಗಲಿಲ್ಲ. ಹೊಟ್ಟೆ ಕುಲುಕಿತು, ಹಲಗೆ ಕುಲುಕಿತು. ಕೆಳಗಿಂದ ಗುಳುಗುಳು ಗುಳ್ಳೆ ಎದ್ದು ಡಬ್ಬಿ ತುಂಬಿತು. ಆ ದಿನದ ಮಾದರಿ ಪೂರಾ ಕೆಟ್ಟಿತು. ಕೆಡಲಿ ಎಂದು ಮತ್ತೂ ನಕ್ಕೆ.