ಹಾಜಬ್ಬರ ಹೆಸರಿನ ಹಡಗು

ಗಲ್ಫಿನ ಘಾಲಾದ ಗ್ಯಾರೇಜೊಂದರಲ್ಲಿ ಸ್ಟೋರ್‌ಕೀಪರ್ ಆಗಿದ್ದ ಫಾರೂಕ್‌ನ ತಂದೆ ಹಾಜಬ್ಬ, ಮಂಗಳೂರಿನಲ್ಲಿ ಜೀವನವಿಡೀ ಬೇರೆಯವರ ಹಡಗಿನಲ್ಲಿ ದುಡಿದವರು. ಮಂಗಳೂರಿನಿಂದ ಗಲ್ಫಿನ ಮತ್ರಾ ಬಂದರಿಗೆ ಹಾಯಿಹಡಗು ನಡೆಸುವ ವಿಡಿಯೋ ಗೇಮ್ ಮಾಡುತ್ತೇವೆ, ಈಗಲೇ ಹಣ ಕೊಟ್ಟವರು ಹೇಳಿದ ಹೆಸರನ್ನು ಹಡಗಿಗೆ ಇಡುತ್ತೇವೆ ಎಂದು ಯಾರೋ ಇಂಟರ್ನೆಟ್ಟಿನಲ್ಲಿ ಹಣ ಕೇಳಿದ್ದೇ ತಡ, ಫಾರೂಕ್ ತಿಂಗಳ ಸಂಬಳವನ್ನೇ ಕಳಿಸಿ ತಂದೆಯ ಹೆಸರು ಕೊಟ್ಟ. ಅಂದೇ ಗ್ಯಾರೇಜಿಗೆಲ್ಲ ಹಲ್ವಾ ಹಂಚಿದ.

"ಹಡಗು ನೀರಿಗಿಳಿದ ಮೇಲಲ್ವಾ ಮಗಾ ಹಲ್ವಾ ಹಂಚುವುದು?" ಎಂದು ಹಾಜಬ್ಬ ಫೋನಿನಲ್ಲೇ ಗದರಿದರು.

ಮರುವರ್ಷ ತೈಲದ ಬೆಲೆ ಬಿದ್ದು ಗ್ಯಾರೇಜಿಗೆ ಬೀಗ ಬಿತ್ತು. ಫಾರೂಕ್ ಕೆಲಸಕ್ಕಾಗಿ ಅಲೆಯುತ್ತಿದ್ದಾಗ ಗೇಮ್ ಮಾಡುತ್ತಿದ್ದ ಆ ಪುಣ್ಯಾತ್ಮರ ಕೊನೆಯ ಈಮೇಲ್ ಬಂತು. ಜೊತೆಗಿದ್ದ ಚಿತ್ರದಲ್ಲಿ ಹಡಗು ಸಿದ್ಧವಾಗಿತ್ತು, ಹಾಜಬ್ಬರ ಹೆಸರೂ ಚೆನ್ನಾಗಿಯೇ ಮೂಡಿತ್ತು. ಸಮುದ್ರ ಮಾಡುವ ಮೊದಲೇ ದುಡ್ಡು ಮುಗಿಯಿತಂತೆ.